ಅಕ್ಕ ಬೇಡ ಎನ್ನಲಿಲ್ಲ

ಅಧ್ಯಕ್ಷ ಸ್ಥಾನದಲ್ಲಿರುವ ಆಸ್ಪತ್ರೆಯ ಮೇಲಧಿಕಾರಿಗಳೇ, ವೇದಿಕೆಯ ಮೇಲಿನ ಗಣ್ಯರೇ, ಈ ನೆಲದ ಹಿರಿಯರೇ, ವಾರ್ಡು ಬಿಟ್ಟು ಓಡಿಬಂದಿರುವ ನರ್ಸಮ್ಮಂದಿರೇ, ಸಭಿಕರೇ,

ಮಧ್ಯ ಆಸ್ಟ್ರೇಲಿಯಾದ ಈ ಆಸ್ಪತ್ರೆಯಲ್ಲಿ ನಮ್ಮ ಮೂಲನಿವಾಸಿ ರೋಗಿಗಳಿಗೂ ವೈದ್ಯರಿಗೂ ನಡುವೆ ಇಪ್ಪತ್ತೊಂಬತ್ತು ವರ್ಷ ದುಭಾಷಿಯಾಗಿದ್ದ ರೋಡಾ ಆಂಟಿಗೆ, ಅಂದರೆ ನನಗೆ, ಇಂದು ಬೀಳ್ಕೊಡುಗೆ. ನನ್ನನ್ನು ಸೇತುವೆ ಎಂದು ಹೊಗಳಿದಿರಿ. ಸೇತುವೆಯ ಪಾಡು ಏನೆಂದು ಯಾರಾದರೂ ಕೇಳಿದಿರಾ? ಎರಡೂ ಕಡೆಯವರು ತುಳಿದುಕೊಂಡೇ ಹೋಗುತ್ತಾರೆ.

ನಮ್ಮಲ್ಲಿ ಅತ್ತೆ ಅಳಿಯ ಪರಸ್ಪರ ಮಾತಾಡುವುದಿಲ್ಲ, ಮುಖ ನೋಡುವುದಿಲ್ಲ, ಒಂದು ಕೋಣೆಯಲ್ಲಿ ಕೂರುವುದಿಲ್ಲ. ಅದು ಜಗಳವಲ್ಲ, ಮರ್ಯಾದೆ. ಇದನ್ನು ಎಷ್ಟು ಸಲ ಹೇಳಲಿ ಸ್ವಾಮಿ? ಪ್ರತಿ ಫೆಬ್ರವರಿ ಹೊಸ ವೈದ್ಯರು ಬರುತ್ತಾರೆ, ಪ್ರತಿ ಫೆಬ್ರವರಿ ಹೇಳುತ್ತೇನೆ. ತಲೆಯಾಡಿಸುತ್ತಾರೆ, ಚಹಾ ಕುಡಿಯುತ್ತಾರೆ, ಮರೆಯುತ್ತಾರೆ. ಹೇಳಿ ಹೇಳಿ ನನ್ನ ನಾಲಿಗೆ ಸವೆದಿದೆ.

ಹೋದ ಫೆಬ್ರವರಿಯಲ್ಲಿ ನನ್ನ ದೊಡ್ಡಮ್ಮನ ಮಗಳು ಮೂತ್ರಪಿಂಡ ಕೈಕೊಟ್ಟು ಇಲ್ಲಿಗೆ ಬಂದಳು. ತೀರಿಕೊಂಡವರ ಹೆಸರನ್ನು ನಾವು ಬಾಯಿಗೆ ತರುವುದಿಲ್ಲ, ಅಕ್ಕ ಎನ್ನುತ್ತೇನೆ. ಡಯಾಲಿಸಿಸ್ ಮಾಡಿಸಿಕೊಂಡರೆ ಬದುಕು, ಇಲ್ಲದಿದ್ದರೆ ಇಲ್ಲ. ಬೇಕೋ ಬೇಡವೋ ಅವಳೇ ಹೇಳಬೇಕಿತ್ತು. ಹಿಂದಿನ ದಿನ ನನ್ನ ಕೈ ಹಿಡಿದು ಕೇಳಿದ್ದಳು: "ಲೇ ರೋಡಾ, ಆ ಮೆಷಿನ್ನು ತುಂಬ ನೋಯುತ್ತಾ? ಮೊಮ್ಮಗಳಿಗೆ ಉಡ ಹಿಡಿಯೋದು ಇನ್ನೂ ಕಲಿಸಿಲ್ಲ ಕಣೆ. ನಾಳೆ ಡಾಕ್ಟ್ರ ಹತ್ರ ನೀನೂ ಇರು."

ಮರುದಿನ ಡಾಕ್ಟರ್ ಪ್ರೆಸ್ಕಾಟ್ ಅವರಿಗೆ ಅವಸರ. ನನಗೆ ಫೋನು ಮಾಡಿದರು, ನಾನು ಸಿಗಲಿಲ್ಲ. ಅಕ್ಕನ ಮಗಳು ಊಟ ತರಲು ಕೆಳಗೆ ಹೋಗಿದ್ದಳು; ಅವಳನ್ನು ಬಿಡಲು ಬಂದು ಹೊರಗೆ ನಿಂತಿದ್ದ ಅವಳ ಗಂಡ, ಅಕ್ಕನ ಅಳಿಯ ಡೆಸ್ಮಂಡ್ ಸಿಕ್ಕಿದ. ಇಂಗ್ಲಿಷ್ ಬಲ್ಲವನು, ಸಾಕಲ್ಲ! ರಟ್ಟೆ ಹಿಡಿದು ಒಳಗೆ ಕರೆತಂದರು. ಅಕ್ಕ ಮುಸುಕು ಹಾಕಿಕೊಂಡಳು. ಅವನು ಬಾಗಿಲ ಕಡೆ ಮುಖ ಮಾಡಿ ನಿಂತ.

"ಚಿಕಿತ್ಸೆ ಬೇಡ್ವಂತಾ?"

"ಹೂಂ."

"ಊರಿಗೆ ಹೋಗ್ತಾರಂತಾ?"

"ಹೂಂ ಸಾರ್, ಹೂಂ."

ಆ ಕೋಣೆಯಿಂದ ಪಾರಾದರೆ ಸಾಕಾಗಿತ್ತು ಅವನಿಗೆ. ಕಡತದಲ್ಲಿ ಬರೆದರು: ‘ರೋಗಿ ಚಿಕಿತ್ಸೆ ನಿರಾಕರಿಸಿದ್ದಾರೆ. ಅವರ ಆಯ್ಕೆಯನ್ನು ಗೌರವಿಸಲಾಗಿದೆ.’ ಗೌರವವಂತೆ! ಅಂದೇ ಚಿಕ್ಕ ವಿಮಾನ ಹತ್ತಿಸಿದರು. ಕಳಿಸುತ್ತಿದ್ದಾರೆಂದರೆ ವಾಸಿಯಾಯಿತು ಎಂದುಕೊಂಡಳು ಪಾಪ. ಒಂಬತ್ತನೇ ದಿನ ಹೋಗಿಬಿಟ್ಟಳು.

ಅಷ್ಟು ಹೊತ್ತು ರೋಡಾ ಎಲ್ಲಿದ್ದಳು? ಇದೇ ಸಭಾಂಗಣದಲ್ಲಿ, ಹೊಸ ವೈದ್ಯರಿಗೆ ಅತ್ತೆ ಅಳಿಯಂದಿರ ಪಾಠ ಹೇಳುತ್ತಿದ್ದೆ! ಫೋನು ಎರಡು ಸಲ ಬಡಿದುಕೊಂಡಿತು. ನೋಡಿದೆ. ನನ್ನ ಮಾತಿಗೆ ಎಲ್ಲರೂ ಚೆನ್ನಾಗಿ ನಗುತ್ತಿದ್ದರು, ನನಗೂ ಹುರುಪು ಬಂದಿತ್ತು. ಆಫ್ ಮಾಡಿಬಿಟ್ಟೆ.

ಫೋನು ಆಫ್ ಮಾಡಿದ ಈ ಮಾತನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಬಾಯಿಂದ ಬಂತು. ಬರಲಿ ಬಿಡಿ. ವರ್ಷವಿಡೀ ಸುಮ್ಮನಿದ್ದೆನಲ್ಲ, ನಾಚಿಕೆಯಾಗುತ್ತದೆ. ಡೆಸ್ಮಂಡನೇ ಅವಳನ್ನು ಕೊಂದ ಎಂದರು ನಮ್ಮವರು. ಸೂತಕದಲ್ಲಿ ಅವನನ್ನು ಹತ್ತಿರ ಸೇರಿಸಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದರೆ ಎಲ್ಲರೂ ಕಡತದ ಆ ಸಾಲು ತೋರಿಸುತ್ತಾರೆ. ಕಡತ ಮುಚ್ಚಿದೆಯಂತೆ, ತಿದ್ದಲಾಗದಂತೆ!

ಅಧ್ಯಕ್ಷರೇ, ಈ ಕಾಗದವನ್ನು ಅದಕ್ಕೆ ಸೇರಿಸಿ. ‘ರೋಗಿಯನ್ನು ಯಾರೂ ಕೇಳಲಿಲ್ಲ. ದುಭಾಷಿಯನ್ನು ಕರೆದರು, ಅವಳು ಬರಲಿಲ್ಲ’ ಎಂದು ಬರೆದು ಸಹಿ ಹಾಕಿದ್ದೇನೆ. ಪಕ್ಕದ ಖಾಲಿ ಜಾಗ ಡಾಕ್ಟರ್ ಪ್ರೆಸ್ಕಾಟ್ ಅವರ ಸಹಿಗೆ. ಎರಡನೇ ಸಾಲಿನಲ್ಲೇ ಕೂತಿದ್ದಾರೆ.

ಇನ್ನೊಂದು ಮಾತು. ಅಕ್ಕನ ಅಳಿಯ ನನಗೂ ಅಳಿಯನೇ. ಎದುರು ನಿಂತು "ನಿಂದೇನೂ ತಪ್ಪಿಲ್ಲಪ್ಪ" ಎನ್ನುವ ಹಾಗಿಲ್ಲ. ಅದಕ್ಕೇ ಅಂಗಳದಲ್ಲೂ ಒಂದು ಧ್ವನಿವರ್ಧಕ ಹಾಕಿಸಿದ್ದೇನೆ. ಅಲ್ಲಿ ಅವನು ಕಾರಿನೊಳಗೆ ಈ ಕಡೆ ಬೆನ್ನು ಹಾಕಿ ಕೂತಿದ್ದಾನೆ. ನಾನು ಅವನಿಗೆ ಏನೂ ಹೇಳಿಲ್ಲ, ನಿಮಗೆ ಹೇಳಿದ್ದೇನೆ. ಕೂತು ಕೇಳಿದ್ದಕ್ಕೆ ನಿಮಗೆಲ್ಲ ವಂದನೆ, ನಮಸ್ಕಾರ.