ಪಲ್ಯ ಮುಗಿದ ಮೇಲೆ ಉಂಡವಳು

ಮಠದ ಅಂಗಳದಲ್ಲಿ ಕೂತವರೇ, ಒಂದು ಕತೆ ಕೇಳಿ. ಒಬ್ಬ ಸಾಹುಕಾರ. ಯಾವ ಊರು ಅಂತ ಕೇಳಬೇಡಿ, ನಿಮ್ಮೂರೇ ಅಂದುಕೊಳ್ಳಿ, ಸಿಟ್ಟು ಮಾತ್ರ ಮಾಡಿಕೊಳ್ಳಬೇಡಿ. ಎಣ್ಣೆ ಗಿರಣಿ ಇತ್ತು, ಎರೆಹೊಲ ಇತ್ತು, ಅದರ ಜೊತೆಗೆ ಸಕ್ಕರೆ ಕಾಯಿಲೆಯೂ ಬಂತು. ಪಾಪ, ಹೆದರಿಬಿಟ್ಟ. ನೋಡಿ, ಹೆದರಿದ ಮನುಷ್ಯನನ್ನು ಕಂಡು ನಗಬಾರದು. ಮೊಬೈಲಿನಲ್ಲಿ ಯಾರೋ ಹೇಳಿದರು ಅಂತ ಓಟ್ಸ್ ತರಿಸಿದ, ಕಿನೋವಾ ತರಿಸಿದ, ಚಿಯಾ ಬೀಜ ತರಿಸಿದ. ರೊಟ್ಟಿ ಬಿಟ್ಟ.

ಮನೆಯಲ್ಲಿ ಅಣ್ಣನೂ ಇದ್ದ, ಹೆಂಡತಿಯನ್ನು ಕಳೆದುಕೊಂಡವನು. ಅವನಿಗೆ ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ ಇಲ್ಲದಿದ್ದರೆ ಅದು ಊಟವೇ ಅಲ್ಲ. ಇಬ್ಬರೂ ಎದುರುಬದುರು ಕೂತರೆ ಸಾಕು, ಶುರು.

"ಏ ತಮ್ಮಾ, ಕುದುರಿ ತಿನ್ನೂದು ತಿಂದು ನಾಳೆ ಟಾಂಗಾಕ್ಕ ಹೂಡಿಸ್ಕೋತಿ ಏನಲೇ?"

"ನಿನ್ನ ಹೊಟ್ಟಿ ನೋಡ್ಕೊ ಯಣ್ಣಾ. ನಿನಕಿಂತ ಮೊದಲ ಹೊಸ್ತಿಲಾ ದಾಟತೈತಿ."

"ನಮ್ಮ ಮುತ್ಯಾ ರೊಟ್ಟಿ ತಿಂದ ಗಟ್ಟಿ ಇದ್ದ!"

"ಮುತ್ಯಾ ಹೊಲದಾಗ ರಂಟಿ ಹೊಡೀತಿದ್ದ. ನೀ ಟಿವಿ ನೋಡ್ತಿ."

ಅವನದೂ ನಿಜ, ಇವನದೂ ನಿಜ. ಯಾವುದರಲ್ಲಿ ನಾರು ಜಾಸ್ತಿ, ಯಾವುದು ರಕ್ತಕ್ಕೆ ಒಳ್ಳೆಯದು, ಎಲ್ಲವೂ ಬಾಯಿಪಾಠ. ದಿನಾ ವಾದ, ದಿನಾ ವಾದ. ಆದರೆ ಈ ಎರಡೂ ಅಡುಗೆ ಮಾಡುತ್ತಿದ್ದವರು ಯಾರು? ಒಬ್ಬಳೇ. ಸಾಹುಕಾರನ ಹೆಂಡತಿ, ಪಾರವ್ವ. ಒಂದು ಒಲೆಯ ಮೇಲೆ ಓಟ್ಸ್ ಗಂಜಿ, ಇನ್ನೊಂದರ ಮೇಲೆ ರೊಟ್ಟಿ ಹಂಚು.

ಒಂದು ಮಧ್ಯಾಹ್ನ ವಾದ ಜೋರಾಗಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತುಹೋಯಿತು. ಇಬ್ಬರಿಗೂ ಕೇಳಲಿಲ್ಲ. "ತಂಗೀ, ಇನ್ನೊಂದು ರೊಟ್ಟಿ!" ಅಂತ ಅಣ್ಣ ಕೂಗಿದ. ರೊಟ್ಟಿ ಬರಲಿಲ್ಲ, ಸುಟ್ಟ ವಾಸನೆ ಬಂತು. ಓಡಿಹೋಗಿ ನೋಡಿದರೆ, ಕೈಗೆ ಹಿಟ್ಟು ಮೆತ್ತಿಕೊಂಡೇ ನೆಲಕ್ಕೆ ಬಿದ್ದಿದ್ದಾಳೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ರಕ್ತ ನೋಡಿ ಗಾಬರಿಯಾದರು. "ಇಷ್ಟು ಕಡಿಮಿ ರಕ್ತ ಇಟ್ಕೊಂಡು ಇವರು ನಿಂತಿದ್ದಾದ್ರೂ ಹೆಂಗ್ರೀ? ಇನ್ನೊಂದೀಟು ತಡಾ ಆಗಿದ್ರ ಜೀವಕ್ಕ ಕಷ್ಟ ಇತ್ತು. ಮನ್ಯಾಗ ಏನು ಉಣ್ತಾರ?"

ಅಣ್ಣ ತಮ್ಮನ ಮುಖ ನೋಡಿದ. ತಮ್ಮ ಅಣ್ಣನ ಮುಖ ನೋಡಿದ. ಕಿನೋವಾ ಗೊತ್ತು, ಜೋಳ ಗೊತ್ತು. ಇದು ಗೊತ್ತಿಲ್ಲ.

ಪಾರವ್ವನೇ ಹೇಳಿದಳು: "ಇವ್ರು ಬಿಟ್ಟಿದ್ದು ಗಂಜಿ ಇರ್ತೈತ್ರಿ. ತುಟ್ಟೀದು, ಹೆಂಗ ಚೆಲ್ಲೂದು? ಒಂದರ್ಧ ರೊಟ್ಟಿ ಉಳದ್ರ ಅದನ್ನ ಉಣ್ತೇನಿ."

"ಪಲ್ಯ?"

"ಅಷ್ಟೊತ್ತಿಗೆ ಪಲ್ಯ ಮುಗದಿರ್ತೈತ್ರಿ ಅಮ್ಮಾರ."

ಕೇಳಿದಿರಾ? ಮನೆಯಲ್ಲಿ ಹೆಸರುಕಾಳು ಇತ್ತು, ಸೊಪ್ಪು ಇತ್ತು, ಪರದೇಶದ ಧಾನ್ಯವೂ ಇತ್ತು. ಎರಡೂ ಪಥ್ಯ ಒಳ್ಳೆಯವೇ. ಆದರೆ ಅವಳ ಪಾಲಿಗೆ ಬಂದದ್ದು ಎರಡರ ಉಳಿಕೆ.

ಮನೆಗೆ ಕರೆತಂದ ದಿನ ಸಾಹುಕಾರ ತಾನೇ ತಾಟು ಹಾಕಿದ. ಬಡಿಸಿ ರೂಢಿ ಇಲ್ಲ, ಪಲ್ಯ ಅರ್ಧ ನೆಲಕ್ಕೆ ಬಿತ್ತು. "ನೀ ಮೊದಲ ಉಣ್ಣು" ಅಂದ. ಅವಳು, "ಗಂಡಸರು ಉಪವಾಸ ಕುಂತಾಗ ನನಗ ಗಂಟಲದಾಗ ಇಳಿತೈತೇನು? ನನ್ನ ಬಾಯಿ ಏನ್ ನೋಡ್ತೀರಿ? ನೀವೂ ಕುಂಡ್ರಿ" ಅಂದಳು. ಕೂತ. ಅಣ್ಣನೂ ಕೂತ. ಅವತ್ತು ಆ ಮನೆಯಲ್ಲಿ ಯಾವ ಧಾನ್ಯ ದೊಡ್ಡದು ಅಂತ ಯಾರೂ ಕೇಳಲಿಲ್ಲ.

ಈಗ ನಿಮ್ಮ ಸರದಿ. ಓಟ್ಸ್ ತಿನ್ನಿ, ರೊಟ್ಟಿ ತಿನ್ನಿ, ನಿಮ್ಮ ಡಾಕ್ಟರು ಹೇಳಿದ್ದನ್ನು ತಿನ್ನಿ, ನನ್ನ ತಕರಾರಿಲ್ಲ. ಆದರೆ ಎರಡನೇ ಸಲ ಪಲ್ಯ ಕೇಳುವ ಮುಂಚೆ ಎದ್ದು ಹೋಗಿ ಬೋಗುಣಿಯೊಳಗೆ ಒಮ್ಮೆ ಇಣುಕಿ ನೋಡಿ. ಅಡುಗೆ ಮಾಡಿದವಳ ಪಾಲು ಮೊದಲು ತೆಗೆದಿಡಿ, ಅವಳು ಕೂತ ಮೇಲೆ ನೀವು ಕೂರಿ. ಇನ್ನು ತಾಯಂದಿರೇ, "ನನಗ ಹಸಿವಿಲ್ಲ" ಅನ್ನುವ ಆ ಸುಳ್ಳನ್ನು ನೀವೂ ಬಿಡಿ.

ನಾಳೆಯಿಂದ ಅನ್ನಬೇಡಿ. ನಾವಿಲ್ಲಿ ನೆರಳಲ್ಲಿ ಕೂತು ಕತೆ ಕೇಳುತ್ತಿದ್ದೇವೆ, ಮಠದ ಹಿಂದೆ ಬೆಳಗಿನಿಂದ ಹೊಗೆಯಲ್ಲಿ ಕೂತು ರೊಟ್ಟಿ ಬಡಿಯುತ್ತಿರುವ ಅವ್ವಂದಿರು ಇನ್ನೂ ಏನೂ ಉಂಡಿಲ್ಲ. ಇವತ್ತು ಮೊದಲ ಪಂಕ್ತಿ ಅವರದು. ಗಂಡಸರೇ, ಏಳಿ. ಕೈ ತೊಳೆದುಕೊಂಡು ಬನ್ನಿ, ಬಡಿಸೋಣ.