ಇಲಿಯ ಪುಟದಲ್ಲೊಂದು ಹೆಸರು

ನ್ಯಾಮತಿ ಬಸ್ ನಿಲ್ದಾಣದಲ್ಲಿ ಗೋವಿನಕೋವಿ ಬಸ್ಸಿಗೆ ಕಾಯುತ್ತಿದ್ದ ಅನಿತಾಳ ಕಿವಿಯೆಲ್ಲ ಪಕ್ಕದ ಬೆಂಚಿನ ವಾರಗಿತ್ತಿಯರ ಕಡೆಗೇ ಇತ್ತು.

“ಪ್ರಯೋಗದ ಇಲಿಗಳ ವಂಶ, ರೋಗ ಎಲ್ಲ ಹಾಕೋ ವೆಬ್‌ಸೈಟ್ ಐತೆ ಕೊಟ್ರಕ್ಕ. ನಮ್ಮ ಸಂಧ್ಯಾ ಬೆಳೆಸಿದ ಇಲಿಗೂ ಅದ್ರಾಗೆ ಒಂದು ಪುಟ ಕೊಟ್ಟು, ಅವ್ಳ ಹೆಸರು ಹಾಕ್ಯಾರೆ,” ಎಂದು ಮಗಳ ಸುದ್ದಿ ಹೇಳಿದಳು ಕಿರಿಯವಳು ಗಿರಿಜಮ್ಮ.

“ನಮ್ಮನೇಲಿ ಇಲಿಗೆ ಬೆಕ್ಕೇ ಸಾಕು.”

“ದೇಶ ದೇಶದ ವಿಜ್ಞಾನಿಗಳು ನೋಡ್ತಾರಂತೆ.”

“ನೋಡ್ಲಿ ಬಿಡು. ನಮ್ಮ ಪೂಜಾನ್ನೂ ಓದ್ಸಿದ್ರೆ ಇಂಥವು ಹತ್ತು ಮಾಡ್ತಿದ್ಲು.”

“ನೀವೂ ನೋಡ್ರಿ. ಫೋನ್‌ನಾಗೆ ತೆಗೆದುಕೊಡ್ತೀನಿ.”

“ನನಗೇನು ಬೇರೆ ಕೆಲ್ಸ ಇಲ್ವಾ? ಬಾಲ ಸೊಟ್ಟಗಿರೋ ಇಲಿಗೆ ಇಷ್ಟು ಮೆರೆದಾಟ!”

“ಅಕ್ಕ, ಬಾಲದ ಸುದ್ದಿ ನಾನು ಎತ್ತೇ ಇಲ್ವಲ್ಲ!”

ಹೊನ್ನಾಳಿ ಬಸ್ಸು ಬಂತು. ಕೊಟ್ರಮ್ಮ ಮೊದಲು ಹತ್ತಿ, ಪಕ್ಕದ ಖಾಲಿ ಸೀಟಿನ ಮೇಲೆ ತನ್ನ ಚೀಲ ಇಟ್ಟುಬಿಟ್ಟಳು.