ಕೊಟ್ಟೋಳಿಗೂ ಒಂದೇ

ಕೊರೊನಾ ಎರಡನೇ ಅಲೆಯ ದಿನಗಳಲ್ಲಿ ಗುಬ್ಬಿಯ ಆ ದಿನಸಿ ಅಂಗಡಿ ಬೆಳಿಗ್ಗೆ ಹತ್ತಕ್ಕೇ ಮುಚ್ಚುತ್ತಿತ್ತು. ಸುಣ್ಣದಲ್ಲಿ ಬರೆದ ವೃತ್ತದೊಳಗೆ ಅರ್ಧ ಗಂಟೆಯಿಂದ ನಿಂತಿದ್ದ ಕೌಸಲ್ಯಾಗೆ, ಬಾಗಿಲ ಪಕ್ಕ ಕುರ್ಚಿಯಲ್ಲಿ ಕೂತವಳನ್ನು ಕಂಡು ಹೊಟ್ಟೆ ಉರಿಯಿತು. ನೋಡಲು ಗಟ್ಟಿಮುಟ್ಟಾಗಿಯೇ ಇದ್ದಳು. ಕುರ್ಚಿಯ ಪಕ್ಕದಲ್ಲಿ ನಿಂತಿದ್ದ ಆ ಕೂತವಳ ಅಕ್ಕನಿಗೂ ಅದೇ ಉರಿ ಇದ್ದಂತಿತ್ತು.

“ಡಾಕ್ಟ್ರ ಚೀಟಿ ತೋರಿಸಿದ ತಕ್ಷಣ ಕುರ್ಚಿ ಬಂತು ನೋಡು ಸುಧಾ, ನಿಂಗೆ.”

“ಕಿಡ್ನಿ ಹಾಕಿದಾರೆ ಅಂದೆ ಅಕ್ಕ. ಹೊರಗೆ ಕಾಣಲ್ವಲ್ಲ, ಹೇಳ್ಲೇಬೇಕು.”

“ಯಾರ್ ಕಿಡ್ನಿ ಅಂತ ಹೇಳಿದ್ಯಾ?”

ಸುಧಾ ಕೈಯಲ್ಲಿದ್ದ ಚೀಟಿಯನ್ನು ಮಡಚತೊಡಗಿದಳು.

“ಮನೇಲೂ ಅಷ್ಟೆ. ಅಮ್ಮ ಬಿಸಿಬಿಸಿ ಬಡಿಸೋದು ನಿಂಗೆ, ಬಂದೋರೆಲ್ಲ ವಿಚಾರಿಸೋದು ನಿನ್ನ. ಕೊಟ್ಟೋಳಿಗೂ ಉಳಿದಿರೋದು ಒಂದೇ ಕಣೇ.”

“ನೀನೇ ಕೂತ್ಕೊ ಬಾ.”

“ಕುರ್ಚಿ ಯಾರಿಗೆ ಬೇಕು? ಎರಡು ವರ್ಷದಲ್ಲಿ ನೀನಾದ್ರೂ ಒಂದ್ಸಲ ಕೇಳಿದ್ಯಾ, ನೋವಿದ್ಯಾ ಅಂತ?”

“ಕೇಳಕ್ಕೆ ಭಯ ಅಕ್ಕ. ಹೂಂ ಅಂದ್ಬುಟ್ರೆ ನಾನೇನ್ ಮಾಡ್ಲಿ?”

ಅಷ್ಟರಲ್ಲಿ ಅಂಗಡಿಯವರು ಅವರ ಚೀಲ ತಂದಿಟ್ಟರು. ಇಬ್ಬರೂ ಒಟ್ಟಿಗೆ ಕೈ ಹಾಕಿದರು, ಯಾರೂ ಬಿಡಲಿಲ್ಲ. ಒಂದೊಂದು ಹಿಡಿಕೆ ಹಿಡಿದುಕೊಂಡೇ ನಿಟ್ಟೂರು ರಸ್ತೆಯತ್ತ ನಡೆದರು.

“ನೋವಿದ್ಯಾ ಅಕ್ಕ?” ಎಂದಿದ್ದು ಕೌಸಲ್ಯಾಗೆ ಕೇಳಿಸಿತು. ಅಕ್ಕ ಏನೆಂದಳೋ, ಅದು ಕೇಳಿಸಲಿಲ್ಲ.